ಮಡಿಲಲ್ಲಿ ಕೂತ ಮೀನಿನ ಬುಟ್ಟಿ

"ಅಜ್ಜಿ, ಬುಟ್ಟಿ ಹೊರಗಿಟ್ಟು ಬಾ. ಒಳಗೆ ವಾಸನೆ ಆಗ್ತದೆ" ಎಂದು ಸ್ವಯಂಸೇವಕ ಶಾಮಿಯಾನದ ಬಾಗಿಲಲ್ಲೇ ತಡೆದ. ಮೀನು ಮಾರುವ ಅಜ್ಜಿ ತಲೆಯ ಮೇಲಿನ ಬುಟ್ಟಿಯೊಂದಿಗೆ ನಿಂತೇ ಇದ್ದರು. ಮೀನುಗಾರ್ತಿಯರ ಬುಟ್ಟಿಗೂ ಬಸ್ಸಿನಲ್ಲಿ ಜಾಗ ಬೇಕೆಂದು ಹೋರಾಡಿದ ಅವರ ಅಕ್ಕನ ಹೆಸರನ್ನು ಅಂದು ಕುಮಟಾ ಸಮೀಪದ ಅವರೂರಿನ ಬಸ್ ತಂಗುದಾಣಕ್ಕೆ ಇಡುವವರಿದ್ದರು. ತೀರಿಹೋದ ಅಕ್ಕನ ಫೋಟೋಕ್ಕೆ ಹಾರ ಹಾಕಬೇಕಾದವರು ಈ ಅಜ್ಜಿಯೇ.

"ಹೊರಗಿಟ್ರೆ ಕಾಗೆ ಬಿಡ್ತದಾ? ಹಾರ ನೀವೇ ಹಾಕಿ, ಆತು" ಎಂದು ಅವರು ಹೊರಟೇಬಿಟ್ಟರು.

ಹಿಂದಿನ ಕುರ್ಚಿಯಲ್ಲಿದ್ದ ನಾನು ಎದ್ದು, "ಕೊಡಿ ಇಲ್ಲಿ, ನಾನು ನೋಡ್ಕಳ್ತೆ" ಎಂದು ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಸೀರೆ ಹಾಳಾಗ್ತದಲ್ಲ, ತಂಗಿ."

"ಒಗೆದ್ರೆ ಆತು. ನೀವು ಹೋಗಿ."

ಸ್ವಯಂಸೇವಕ ಒಂದು ಹಳೆಯ ಪೇಪರ್ ತಂದು ಬುಟ್ಟಿಯ ಅಡಿಗೆ ಹಾಸಿದ.

ಹಾರ ಹಾಕಿದ ಮೇಲೆ ಅಜ್ಜಿಯ ಕೈಗೆ ಮೈಕ್ ಕೊಟ್ಟರು. "ಬುಟ್ಟಿ ಕಂಡ್ರೆ ನಮ್ಮನ್ನ ಹೆತ್ತ ಆಯಿನ ಬಸ್ಸಿಂದ ಇಳಿಸ್ತಿದ್ರು. ಅಕ್ಕ ಆಯಿ ಸಂಗಡ ಪ್ಯಾಟೆವರೆಗೂ ನಡೀತಿತ್ತು, ಆಮೇಲೆ ಶಾಲಿಗೆ. ತಡ ಆತು ಅಂತ ಅಲ್ಲೂ ಹೊರಗೆ ನಿಲ್ಲಿಸ್ತಿದ್ರು" ಎಂದವರು ನನ್ನತ್ತ ಕೈ ತೋರಿಸಿದರು. "ಇವತ್ತು ಬುಟ್ಟಿ ಒಳಗೆ ಕೂತದೆ. ಅಕ್ಕಂಗೆ ಅಷ್ಟೇ ಬೇಕಿತ್ತು."

ಹೊರಡುವಾಗ ನಾನು ಬೇಡವೆಂದರೂ ಕೇಳದೆ ಅಜ್ಜಿ ನಾಲ್ಕು ಬಂಗಡೆ ಕಟ್ಟಿಕೊಟ್ಟರು. ಹೊನ್ನಾವರದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದ, ಏನೂ ಹೇಳದೆ ಟಿಕೆಟ್ ಹರಿದುಕೊಟ್ಟ. ಅವನು ಸುಮ್ಮನಿದ್ದುದರ ಹಿಂದೆ ಒಬ್ಬ ಹುಡುಗಿ ನಡೆದ ದಾರಿ ಇದೆಯೆಂದು ಹೊನ್ನಾವರದಲ್ಲಿ ಇಳಿಯುವವರೆಗೂ ಅನ್ನಿಸುತ್ತಲೇ ಇತ್ತು.