ಭಾವನ ಲಾರಿ, ನನ್ನ ಫೋನಿನ ಟೇಪು

ಗೆಳೆಯರೇ, ಇವತ್ತು ನನ್ನ ಹೊಸ ಸ್ಮಾರ್ಟ್‌ಫೋನಿನ ಸಲುವಾಗಿ ಅಕ್ಕನ ಗಂಡ ಮರಿಯಮ್ಮನಹಳ್ಳಿಯ ನನ್ನ ಅಂಗಡಿಗೇ ಬಂದು ಜಗಳ ತೆಗೆದರು.

"ನಿಮ್ಮಕ್ಕ ಬಸ್ ಸ್ಟ್ಯಾಂಡಿನ್ಯಾಗ ಕಾದು ಕಾದು ಆಟೋ ಹಿಡಿದು ಹೋದ್ಲು. ಕರಕೊಂಡು ಹೋಗು ಅಂತ ಮೆಸೇಜ್ ಹಾಕಿದ್ದೆ, ನೋಡಿಲ್ಲೇನು?"

"ಸದ್ದೇ ಆಗಿಲ್ರಿ ಭಾವ" ಎಂದು ಟೀ ತರಿಸಿದೆ.

ಅವರು ಫೋನು ಕಸಿದುಕೊಂಡು ಸೆಟ್ಟಿಂಗ್ಸ್ ಎಲ್ಲ ಜಾಲಾಡಿದರು. ಸೈಲೆಂಟ್ ಇರಲಿಲ್ಲ, ವಾಲ್ಯೂಮ್ ಪೂರ್ತಿ ಇತ್ತು. ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ಹಿಂದೆ ತಿರುಗಿಸಿ ನೋಡಿದರು. ಅದಿರಿನ ಕೆಂಪು ಧೂಳು ಒಳಗೆ ಹೋಗಬಾರದೆಂದು ಸ್ಪೀಕರಿನ ತೂತುಗಳ ಮೇಲೆ ನಾನೇ ದಪ್ಪ ಟೇಪು ಅಂಟಿಸಿದ್ದೆ.

"ಭಾಳ ಶಾಣ್ಯಾ ಅದಿ. ಕಿತ್ತು ಒಗಿ ಅದನ್ನ."

"ಕೀಳಂಗಿಲ್ರಿ. ಮೊದ್ಲು ನಿಮ್ಮ ಲಾರಿಗೆ ತಾಡಪತ್ರಿ ಹೊಚ್ಚಿಸ್ರಿ, ಆಮ್ಯಾಲೆ ನಾನು ಟೇಪು ತೆಗಿತೀನಿ."

ಭಾವನ ಲಾರಿಗಳು ಸಂಡೂರಿನ ಅದಿರು ಹೊತ್ತು ದಿನವೂ ನನ್ನ ಅಂಗಡಿಯ ಮುಂದೆ ಮೇಲೊಂದು ಹೊದಿಕೆಯೂ ಇಲ್ಲದೆ ಹೋಗುತ್ತವೆ.

"ಅಷ್ಟು ಧೂಳಿಗೆ ಏನಾಗ್ತದಲೇ?" ಎಂದರು. ಅಷ್ಟರಲ್ಲಿ ಅವರದೇ ಒಂದು ಲಾರಿ ಬಂತು. ಭಾವ ತಟ್ಟನೆ ಟೀ ಲೋಟವನ್ನು ಅಂಗೈಯಿಂದ ಮುಚ್ಚಿದರು.

ಟೇಪು ಇನ್ನೂ ಅಲ್ಲೇ ಇದೆ. ಲಾರಿಗೆ ಸಿಗದಿದ್ದರೂ ಭಾವನ ಟೀಗಾದರೂ ತಾಡಪತ್ರಿ ಸಿಕ್ಕಿತು.