ತಂಬಾಕಿನ ಪೆಟ್ಟಿಗೆಯ ಪಿಟೀಲು

ಮನೆಮನೆಗೂ ಮೊಬೈಲಿನ ಹಾಡು ಬಂದಮೇಲೂ ನಿಪ್ಪಾಣಿಯ ಆ ಓಣಿಯ ಹೆಂಗಸರು ಬೀಡಿ ಕಟ್ಟುತ್ತಿದ್ದದ್ದು ಜ್ಞಾನದೇವ ಕಾಕಾನ ಪಿಟೀಲಿನ ಲಯಕ್ಕೇ. ಅದು ಅಂಗಡಿಯ ಪಿಟೀಲಲ್ಲ. ತಂಬಾಕಿನ ಹಳೇ ಪೆಟ್ಟಿಗೆಯ ಹಲಗೆ ಕೊರೆದು, ಕಮಾನಿಗೆ ಟಾಂಗಾ ಕುದುರೆಯ ಬಾಲದ ಕೂದಲು ಕಟ್ಟಿ ಅವರೇ ಮಾಡಿಕೊಂಡದ್ದು. ಕಾಕಾ ಮೊದಲು ಅದನ್ನು ಮೂಸುವರು, ಆಮೇಲೆ ಶ್ರುತಿ ಮಾಡುವರು. "ತಂಬಾಕಿನ ವಾಸನಿ ಹೋತಂದ್ರ ನಾದಾನೂ ಹೋತು" ಎನ್ನುವರು. ಮಳೆ ಬಂದರೆ ಪಿಟೀಲಿಗೆ ಕಂಬಳಿ ಹೊದಿಸಿ ತಾವು ನಡುಗುತ್ತ ಕೂರುವರು. ಕಮಾನು ಎಳೆದರೆ ಎದುರಿಗೆ ಕುಳಿತವರಿಗೆ ಸೀನು ಬರುತ್ತಿತ್ತು. ನುಡಿಸುವುದು ಮಾತ್ರ ಎಷ್ಟು ನಿಧಾನವೆಂದರೆ, ಒಂದು ಹಾಡು ಮುಗಿಯುವಷ್ಟರಲ್ಲಿ ಪಕ್ಕದೂರು ಕೊಗನೊಳ್ಳಿಗೆ ನಡೆದು ಹೋಗಿ ಬರಬಹುದು ಎಂದು ಓಣಿಯೇ ನಗುತ್ತಿತ್ತು. "ಕಾಕಾ, ಜರಾ ಜೋರ್ಲೆ ಬಾರಿಸ್ರಿ, ಕೈ ನಿದ್ದಿ ಮಾಡಾಕತ್ತಾವ" ಎಂದು, ಬೀಡಿ ಕಟ್ಟುವುದರಲ್ಲಿ ಎಲ್ಲರಿಗಿಂತ ಚುರುಕಾದ ಕಾಂಚನ ದಿನವೂ ಗೊಣಗುವಳು. "ನನಗ ಬರೂದ ಇಷ್ಟ ನೋಡವ್ವಾ" ಎನ್ನುವರು ಕಾಕಾ. ಒಮ್ಮೆ, ಈ ಹೆಂಗಸರ ನಡುವೆ ಬೀಡಿ ಕಟ್ಟುತ್ತಿದ್ದ ತಾರವ್ವಜ್ಜಿ ಎರಡು ದಿನ ರಾಯಬಾಗದ ಮಗಳ ಮನೆಗೆ ಹೋದಳು. ಆ ಎರಡು ದಿನ ಕಾಕಾನ ಕಮಾನು ಹುಚ್ಚು ಕುದುರೆಯಂತೆ ಓಡಿತು. ಕಾಂಚನಳ ಬೆರಳುಗಳೇ ಹಿಂದೆ ಬಿದ್ದವು. ಮೂರನೆಯ ದಿನ ಅಜ್ಜಿ ಬಂದು ಬೀಡಿ ಎಲೆಯ ಮೊರವನ್ನು ಮಡಿಲಿಗೆ ಎಳೆದುಕೊಂಡಳು, ಪಿಟೀಲು ಮತ್ತೆ ಕುಂಟತೊಡಗಿತು. ಕಾಂಚನ ಅಂದು ಮೊದಲ ಸಲ ಅಜ್ಜಿಯ ಕೈಗಳನ್ನು ನೋಡಿದಳು. ಸೆಟೆದುಹೋದ ಆ ಬೆರಳುಗಳು ಎಲೆ ಸುರುಳಿ ಸುತ್ತಿ, ದಾರ ಬಿಗಿದು, ಪಿಟೀಲಿನ ಜೊತೆಜೊತೆಗೇ ಸಾಗಿದ್ದವು. ಓಣಿಯಲ್ಲಿ ಯಾರಿಗಿಂತಲೂ ಹಿಂದೆ ಬಿದ್ದಿರಲಿಲ್ಲ. ಕಾಂಚನ ಮುಂದಿನ ಎಲೆ ಕೈಗೆತ್ತಿಕೊಂಡು ಹೇಳಿದಳು: "ಕಾಕಾ, ಇನ್ನಾ ಜರಾ ಸಾವಕಾಶ ಬಾರಿಸ್ರಿ."