ಗಂಗಾಂಬಿಕೆ ಎಣಿಸುವ ಬಿಳಿ ಪಟ್ಟೆಗಳು

ಅಕ್ಟೋಬರಿನ ಶನಿವಾರ, ಬೆಳಗಿನ ಶಾಲೆಯ ದಿನ. ಕೊಪ್ಪದಿಂದ ಮೊದಲ ಬಸ್ಸಿಗೆ ನರಸಿಂಹರಾಜಪುರಕ್ಕೆ ಬಂದಿಳಿದ ಗಂಗಾಂಬಿಕೆ, ತಾವು ಓದಿದ ಹೈಸ್ಕೂಲಿನ ಎದುರು ರಸ್ತೆಯನ್ನೇ ನೋಡುತ್ತ ನಿಂತಿದ್ದಾರೆ. ಮಂಜು ಇನ್ನೂ ಹರಿದಿಲ್ಲ. ಚಪ್ಪಲಿಯ ತುದಿಯಿಂದ ಡಾಂಬರಿನ ಮೇಲಿನ ಕೆಸರು ಕೆರೆಯುತ್ತಾರೆ. ಬಿಳಿ ಬಣ್ಣದ ಚೂರೂ ಇಲ್ಲ.

“ಎಂತ ಕಳ್ಕೊಂಡ್ಯೇ? ಓಲೆಯಾ?” ಹೂವಿನ ಬುಟ್ಟಿ ಇಳಿಸುತ್ತ ಕೇಳುವವರು ಕಲ್ಲಮ್ಮ. ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

“ಪಟ್ಟೆ ಕಣೆ. ನಾವು ದಾಟ್ತಿದ್ವಲ್ಲ, ಆ ಪಟ್ಟೆ.”

“ಅಯ್ಯೋ ಮಾರಾಯ್ತಿ! ಹೊಸ ಡಾಂಬರು ಹಾಕಿ ಮೂರು ಮಳೆಗಾಲ ಆಯ್ತು. ಅದನ್ನ ಹುಡ್ಕೊಂಡು ಬಸ್ಸು ಹತ್ತಿ ಬಂದ್ಯಾ?”

ಬಂದಿರುವುದು ಅದಕ್ಕೇ. ನಲವತ್ತಾರರ ಗಂಗಾಂಬಿಕೆ ಕೊಪ್ಪದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುತ್ತಾರೆ. ಗಿರಾಕಿಗಳು ಕರಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟಿನ ನಕ್ಷೆಯೊಂದನ್ನು ತೆರೆಯುತ್ತಾರೆ. ಯಾರು ಬೇಕಾದರೂ ತಮ್ಮೂರನ್ನು ಸೇರಿಸಬಹುದಾದ ನಕ್ಷೆ ಅದು, ಸಂಬಳವಿಲ್ಲ. ಉಳಿದವರು ಉತ್ಸಾಹದಿಂದ ರಸ್ತೆ ಎಳೆಯುತ್ತಾರೆ. ಇವರು ಗುರುತಿಸುವುದು ಆ ರಸ್ತೆಗಳನ್ನು ನಡೆದು ದಾಟುವವರಿಗಾಗಿ ಬಳಿದ ಜೀಬ್ರಾ ಪಟ್ಟೆಗಳನ್ನು. ಕೊಪ್ಪದಲ್ಲಿ ಒಂಬತ್ತು, ಶೃಂಗೇರಿಯಲ್ಲಿ ಎಂಟು, ಇಲ್ಲಿ ಆರು. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪ್ರತಿಯೊಂದನ್ನೂ ಹೋಗಿ ನೋಡುತ್ತಾರೆ. ಮೇ ತಿಂಗಳ ಬಣ್ಣ ಅಕ್ಟೋಬರಿಗೆ ಉಳಿಯುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಯಾರಿಗೂ ಇಲ್ಲ.

ನೋಡದೆ ಬಿಟ್ಟದ್ದು ಇದೊಂದನ್ನೇ. ನಕ್ಷೆಯಲ್ಲಿ ಅವರು ಹಾಕಿದ ಮೊಟ್ಟಮೊದಲ ಗುರುತು ಇದು. ಕಣ್ಣು ಮುಚ್ಚಿದರೂ ಕಾಣುವ ಜಾಗವೆಂದು ನೆನಪಿನಿಂದಲೇ ಹಾಕಿದ್ದರು. ನಕ್ಷೆಯ ಬಳಗದ ಹಿರಿಯರು, ಸರ್ವೆ ಇಲಾಖೆಯಿಂದ ನಿವೃತ್ತರಾದ ಮಲ್ಲೇಶಪ್ಪನವರು, ಕಳೆದ ವಾರ ಈ ದಾರಿಯಲ್ಲಿ ಹೋದವರು ಬರೆದರು: “ಅಲ್ಲಿ ಪಟ್ಟೆ ಕಾಣಲಿಲ್ಲ ತಾಯೀ. ನೀವು ನೋಡಿ ಹಾಕಿದ್ದೋ? ಇದೊಂದು ಸುಳ್ಳಾದರೆ ಉಳಿದ ಇಪ್ಪತ್ತೆರಡನ್ನು ಹೇಗೆ ನಂಬಲಿ?”

ಆ ಮಾತು ಗಂಗಾಂಬಿಕೆಯವರ ಎರಡು ರಾತ್ರಿಯ ನಿದ್ದೆ ಕೆಡಿಸಿದೆ. ಈ ರಸ್ತೆಯಲ್ಲಿ ಮರ ಸಾಗಿಸುವ ಲಾರಿಗಳ ಭಯಕ್ಕೆ ತಂದೆ ಕರಿಬಸವಯ್ಯನವರು ಏಳನೆಯ ಇಯತ್ತೆಗೇ ಓದು ಸಾಕೆಂದಿದ್ದರು. ಅದೇ ಬೇಸಿಗೆಯಲ್ಲಿ ಶಾಲೆಯೆದುರು ಪಟ್ಟೆ ಬಳಿದರು. ತಾಯಿ ಗಂಡನನ್ನು ಕರೆತಂದು ಇಲ್ಲೇ ನಿಲ್ಲಿಸಿ, ತಾವೇ ಮೂರು ಸಲ ದಾಟಿ ತೋರಿಸಿದರು. “ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ದಾಟಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಪಟ್ಟೆ ಇಲ್ದಿದ್ರೆ ನಂಗೆ ಹೈಸ್ಕೂಲೇ ಇರ್ತಿರ್ಲಿಲ್ಲ,” ಎನ್ನುತ್ತಾರೆ ಗಂಗಾಂಬಿಕೆ.

“ಇದೆ ಅಂತ್ಲೇ ಬರ್ದು ಹಾಕು. ಯಾರು ಬಂದು ಕೆರೆದು ನೋಡ್ತಾರೆ?” ಕಲ್ಲಮ್ಮ ಕೆಣಕುತ್ತಾರೆ.

“ಯಾರೋ ಕಣ್ಣು ಕಾಣದವರು, ಫೋನು ಓದಿ ಹೇಳೋ ಆ ನಕ್ಷೇನೇ ನಂಬಿ ರಸ್ತೆಗೆ ಕಾಲಿಟ್ರೆ? ಅವರ ಕೈ ನೀ ಹಿಡೀತೀಯಾ?”

ಕಲ್ಲಮ್ಮ ಬುಟ್ಟಿಯ ಹೂವಿಗೆ ನೀರು ಚಿಮುಕಿಸುತ್ತಾರೆ.

ಅಷ್ಟರಲ್ಲಿ ನೀಲಿ ಲಂಗದ ಹುಡುಗಿಯರ ಗುಂಪೊಂದು ಬಂದು ಅಂಚಿನಲ್ಲಿ ನಿಲ್ಲುತ್ತದೆ. ಮುಂದಿದ್ದವಳು ಕೈ ಎತ್ತುತ್ತಾಳೆ. ಹಾಲಿನ ವ್ಯಾನು ನಿಲ್ಲುತ್ತದೆ. ಶಾಲೆಯ ಬೇಲಿಯ ಉದ್ದಕ್ಕೂ ಅಷ್ಟು ಜಾಗವಿದ್ದರೂ ಎಲ್ಲರೂ ದಾಟುವುದು ಹಳೆಯ ಪಟ್ಟೆಯಿದ್ದ ಜಾಗದಲ್ಲೇ. ಅವರನ್ನೂ ಹಿಂದೆ ಬರುವವರನ್ನೂ ಗಂಗಾಂಬಿಕೆ ಎಣಿಸುತ್ತ ಹೋಗುತ್ತಾರೆ. ಗಂಟೆ ಬಾರಿಸುವ ಹೊತ್ತಿಗೆ ನೂರಾ ಹದಿನಾಲ್ಕು.

ಚೀಲದಿಂದ ನೋಟ್‌ಬುಕ್ಕು ತೆಗೆದು ಬರೆದುಕೊಳ್ಳುತ್ತಾರೆ: ಪಟ್ಟೆ ಇಲ್ಲ. ಜನ ದಾಟುತ್ತಾರೆ. ನಕ್ಷೆಯಲ್ಲಿ ಇದಕ್ಕೂ ಒಂದು ಬೇರೆ ಗುರುತಿದೆ. ಪಟ್ಟೆ ಅಳಿಸಿ ಅದನ್ನು ಹಾಕಬೇಕು. ತಪ್ಪು ತನ್ನದೇ ಎಂದು ಮಲ್ಲೇಶಪ್ಪನವರಿಗೆ ಬರೆಯಬೇಕು. ಉಳಿದ ಇಪ್ಪತ್ತೆರಡನ್ನೂ ಮತ್ತೆ ನೋಡಿ ಬರಬೇಕು.

“ಹಂಗಾದ್ರೆ ನಿನ್ನ ಪಟ್ಟೆ ಹೋಯ್ತು ಅನ್ನು,” ಕಲ್ಲಮ್ಮನ ದನಿ ತಗ್ಗಿದೆ.

“ಹೋಯ್ತು.” ಗಂಗಾಂಬಿಕೆ ಪುಸ್ತಕ ಮುಚ್ಚುತ್ತಾರೆ. “ಇಲ್ಲಿ ಮತ್ತೆ ಬಣ್ಣ ಬಳಿಯೋಕೆ ಬಂದ ದಿನ ನಂಗೊಂದು ಫೋನ್ ಮಾಡ್ತೀಯೇನೆ? ಈ ಸಲ ಕಣ್ಣಾರೆ ನೋಡಿ ಹಾಕ್ತೀನಿ.”